ರುಸ್ತಾಕಿಗೆ ಹೋದ ಎರಡು ಬ್ರೇಕಿನ ಕಾರು

ಅನ್ವಿತಾ, ತೇಜು, ಇದು ನಿಮ್ಮಿಬ್ಬರಿಗಾಗಿ ಬರೆದದ್ದು. ಓದಲು ಬೇಸರವಾದರೆ ನಿಮ್ಮ ಅಮ್ಮನ ಕೈಯಲ್ಲಿ ಓದಿಸಿ ಕೇಳಿ. ಆದರೆ ಅವಳು ನಡುನಡುವೆ "ಅದು ಹಾಗಲ್ಲ, ಹೀಗೆ" ಎಂದು ತಿದ್ದಲು ಹೊರಟರೆ ಮಾತ್ರ ಬಿಡಬೇಡಿ. ನಾನು ಹೇಳಹೊರಟಿರುವ ದಿನ ಅವಳು ಆ ಕಾರಿನಲ್ಲಿ ಇರಲಿಲ್ಲ.

ಮೊನ್ನೆ ಮಾರ್ಕೆಟ್ಟಿನಿಂದ ಬರುವಾಗ ನಮ್ಮ ರಿಕ್ಷಾದವನು ತಿರುವಿನ ದೈವದ ಗುಡಿಯ ಮುಂದೆ ಸಣ್ಣದಾಗಿ ಒಂದು ಹಾರ್ನ್ ಹಾಕಿದ. ಕಾರು ಕಲಿಯುವ ವಯಸ್ಸಿಗೆ ಬಂದಿರುವ ಅನ್ವಿತಾ, "ಎದುರಿಗೆ ಯಾರೂ ಇಲ್ಲವಲ್ಲ ಅಜ್ಜಿ, ಯಾರಿಗೆ ಹಾರ್ನ್?" ಎಂದು ಕೇಳಿದಳು. ನಾನು ಮಾರ್ಕೆಟ್ಟಿನ ಚೀಲ ಸರಿಪಡಿಸಿಕೊಂಡೆ. ಉತ್ತರ ಗೊತ್ತಿರಲಿಲ್ಲವೆಂದಲ್ಲ, ಅದು ರಿಕ್ಷಾದಲ್ಲಿ ಹೇಳಿ ಮುಗಿಯುವ ಉತ್ತರವಾಗಿರಲಿಲ್ಲ. ಸಮುದ್ರ ದಾಟಿ ಒಮಾನಿಗೆ ಹೋಗಿ, ಅಲ್ಲಿನ ಗುಡ್ಡಗಳನ್ನು ಸುತ್ತಿ ಬರಬೇಕಾದ ಉತ್ತರ.

ನನ್ನ ತವರಿನ ಹಳ್ಳಿಗೆ ಬರುತ್ತಿದ್ದದ್ದು ಒಂದೇ ಬಸ್ಸು. ಅದರ ಡ್ರೈವರ್ ಸಂಜೀವಣ್ಣ ಗುಡ್ಡೆಯ ತಿರುವಿನಲ್ಲಿ, ಊರು ಕಾಯುವ ದೈವದ ಕಟ್ಟೆ ಕಂಡ ಕೂಡಲೇ ಹಾರ್ನಿನ ರಬ್ಬರ್ ಉಂಡೆಯನ್ನು ಒಮ್ಮೆ ಹಿಂಡುತ್ತಿದ್ದ. ಹಿರಿಯರು ಜಗಲಿಯಲ್ಲಿ ಕೂತಿರುವಾಗ ಮಾತಾಡಿಸದೆ ಅಂಗಳ ದಾಟುವುದುಂಟೇ? ಹಾಗೆ. ಬಸ್ಸಿನಲ್ಲಿದ್ದವರೆಲ್ಲ ಆ ಸದ್ದಿಗೆ ಕೈ ಎತ್ತಿ ಎದೆಗೆ ಮುಟ್ಟಿಸಿಕೊಳ್ಳುತ್ತಿದ್ದೆವು. ವಾಹನ ಓಡಿಸುವ ವಿದ್ಯೆಯಲ್ಲಿ ನಾನು ಬಾಲ್ಯದಲ್ಲೇ ಕಲಿತದ್ದು ಇದೊಂದೇ ಪಾಠ, ಮತ್ತು ದುರದೃಷ್ಟವಶಾತ್ ಅದನ್ನು ಬಹಳ ಚೆನ್ನಾಗಿ ಕಲಿತಿದ್ದೆ.

ಉಳಿದ ವಿದ್ಯೆಗಳ ವಿಷಯ ಕೇಳಬೇಡಿ. ಊರಿನ ಶಾಲೆಯಲ್ಲಿ ಮಾಸ್ತರರು ಹೆಸರು ಕರೆದಾಗ ನಾನು ಹೇಳುತ್ತಿದ್ದ "ಹಾಜರ್" ನನ್ನ ಪಕ್ಕದ ಹುಡುಗಿಗೂ ಕೇಳಿಸುತ್ತಿರಲಿಲ್ಲ. ಹಾಗಾಗಿ ದಿನವೂ ಶಾಲೆಗೆ ಹೋದರೂ ಹಾಜರಿಯ ಪ್ರಕಾರ ನಾನು ಅರ್ಧ ವರ್ಷ ಮನೆಯಲ್ಲೇ ಇದ್ದೆ. "ವಾರಿಜಳಿಗೆ ಮೈಗೆ ಹುಷಾರಿಲ್ಲವೋ?" ಎಂದು ಮಾಸ್ತರರು ನನ್ನ ಅಪ್ಪನನ್ನು ಕೇಳಿದ್ದರಂತೆ. ಏಳನೆಯ ಕ್ಲಾಸಿಗೆ ಶಾಲೆ ಮುಗಿಯಿತು, ನಾಚಿಕೆ ಮುಗಿಯಲಿಲ್ಲ. ಅದನ್ನೇ ಗಂಟು ಕಟ್ಟಿಕೊಂಡು ಮದುವೆಯಾಗಿ, ನಿಮ್ಮ ಅಜ್ಜನ ಹಿಂದೆ ಒಮಾನಿನ ವಾದಿ ಕಬೀರಿಗೆ ಬಂದಿಳಿದೆ.

ವಾದಿ ಕಬೀರಿನಲ್ಲಿ ನಮ್ಮ ಫ್ಲ್ಯಾಟಿನ ಕೆಳಗೆ ಸಾಲಾಗಿ ಗ್ಯಾರೇಜುಗಳು. ತಗಡು ಬಡಿಯುವ ಸದ್ದಿಗೇ ಬೆಳಗಾಗುತ್ತಿತ್ತು. ನಿಮ್ಮ ಅಜ್ಜ ಅಲ್ಲೇ ಒಂದು ಬಿಡಿಭಾಗಗಳ ಅಂಗಡಿಯ ಕೌಂಟರಿನಲ್ಲಿದ್ದರು. ನಿಮ್ಮ ಅಮ್ಮ ಸುಮನಾ ಹತ್ತಿರದ ಇಂಡಿಯನ್ ಶಾಲೆಗೆ ನಡೆದೇ ಹೋಗುತ್ತಿದ್ದಳು, ನಾವು ಕನ್ನಡದಲ್ಲೋ ತುಳುವಿನಲ್ಲೋ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ನಾನು ಅಡುಗೆಮನೆಯ ಕಿಟಕಿಯಿಂದ ಕಾರುಗಳ ಹೊಟ್ಟೆ ಬಗೆಯುವುದನ್ನು ನೋಡುತ್ತ ಕಾಲ ಕಳೆಯುತ್ತಿದ್ದೆ. ಅದು ಹಾಗೆಯೇ ನಡೆದು ಹೋಗುತ್ತಿತ್ತೋ ಏನೋ, ಆದರೆ ತೊಂಬತ್ತರ ದಶಕದ ಮೊದಲಿಗೆ ಒಂದು ಮಧ್ಯಾಹ್ನ ನಿಮ್ಮ ಅಜ್ಜ ಊಟದ ನಡುವೆ ಕೈ ತಡೆದು ಹೇಳಿದರು:

"ಅಲ್ ಖೌದಿನಲ್ಲಿ ಹೊಸ ಅಂಗಡಿ ಹಾಕ್ತಾರಂತೆ. ನಾನೇ ನೋಡ್ಬೇಕಂತೆ."

"ಒಳ್ಳೇದಾಯ್ತಲ್ಲ," ಎಂದೆ.

"ಒಳ್ಳೇದೇ. ಆದ್ರೆ ಅಲ್ಲಿಂದ ಸುಮನಾಳ ಶಾಲೆ ದೂರ, ಶಾಲೆ ಬಸ್ಸು ಅಲ್ಲಿಗೆ ಬರುದಿಲ್ಲ. ನಾನು ಬಿಡುವ ಅಂದ್ರೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವವನೇ ನಾನು. ಒಂದೋ ನೀನು ಕಾರು ಕಲಿ, ಇಲ್ಲದಿದ್ರೆ ನೀವಿಬ್ಬರೂ ಊರಿಗೆ ಹೋಗ್ಬೇಕು. ನಾನು ಅಲ್ಲಿ ನಾಲ್ಕು ಜನರ ಒಟ್ಟಿಗೆ ಬ್ಯಾಚುಲರ್ ರೂಮಲ್ಲಿ ಇರ್ತೇನೆ."

ಆ ಬ್ಯಾಚುಲರ್ ರೂಮುಗಳನ್ನು ನಾನು ಕಂಡಿದ್ದೆ. ಹೆಂಡಿರು ಮಕ್ಕಳಿದ್ದ ಗಂಡಸರೇ ಅಲ್ಲಿ ಬ್ರಹ್ಮಚಾರಿಗಳು. ಊರಲ್ಲಿ ಅವರ ಹೆಂಡಿರನ್ನೂ ಕಂಡಿದ್ದೆ. ಎರಡು ವರ್ಷಕ್ಕೊಮ್ಮೆ ಪೆಟ್ಟಿಗೆ ಹೊತ್ತು ಬರುವ ಅಪ್ಪನನ್ನು ನೋಡಿ, ಯಾರೋ ನೆಂಟರು ಬಂದರೆಂದು ಒಳಗೆ ಓಡುವ ಮಕ್ಕಳನ್ನೂ ಕಂಡಿದ್ದೆ. ಸುಮನಾ ಹಾಗೆ ಓಡುವುದನ್ನು ಒಂದು ಗಳಿಗೆ ಮನಸ್ಸಿನಲ್ಲೇ ನೋಡಿದೆ.

"ಕಲೀತೇನೆ," ಎಂದೆ.

"ಎಂಥ?" ಎಂದರು ನಿಮ್ಮ ಅಜ್ಜ. ಅವರಿಗೂ ಕೇಳಿಸಿರಲಿಲ್ಲ. ಜೀವನದ ಅತಿ ದೊಡ್ಡ ಶಪಥವನ್ನು ನಾನು ಎರಡು ಸಲ ಮಾಡಬೇಕಾಯಿತು.

ಹೀಗೆ, ಮಗಳು ಐದನೆಯ ಕ್ಲಾಸಿನಲ್ಲಿರುವಾಗ ನಾನು ಮತ್ತೆ ವಿದ್ಯಾರ್ಥಿನಿಯಾದೆ. ನನ್ನ ಗುರು ಮೋಜಾ ಎಂಬ ಒಮಾನಿ ಹೆಂಗಸು. ಹೆಂಗಸರಿಗೆ ಹೆಂಗಸೇ ಕಲಿಸಲಿ ಎಂದು ನಿಮ್ಮ ಅಜ್ಜ ಅಲ್ಲಿಲ್ಲಿ ಕೇಳಿ ಹುಡುಕಿ ತಂದ ಗುರು. ಹುಟ್ಟಿದ್ದು ಆಫ್ರಿಕದ ಜಂಜಿಬಾರಿನಲ್ಲಿ, ಹಿರಿಯರ ಊರು ಒಮಾನಿನ ಒಳನಾಡಿನ ರುಸ್ತಾಕ್, ಹಿಂದಿ ಕಲಿತದ್ದು ಸಿನಿಮಾ ನೋಡಿ. ಹಾಗಾಗಿ ಅವಳು ಗೇರು ಬದಲಾಯಿಸಲು ಹೇಳಿದರೂ ನಾಯಕಿ ನಾಯಕನನ್ನು ಬಿಟ್ಟು ಹೋಗುವಾಗ ಹೇಳುವ ಧಾಟಿಯಲ್ಲಿರುತ್ತಿತ್ತು. ಅವಳ ಹಿಂದಿಯನ್ನು ನಾನಿಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಅವಳದಾಗಲಿ ನನ್ನದಾಗಲಿ ಬರೆದಿಡುವಂಥ ಹಿಂದಿಯಲ್ಲ.

ನನ್ನ ಸಹಪಾಠಿ ಮೇಲಿನ ಮನೆಯ ಜೆಸಿಂತಾ ಬಾಯಿ, ಉಡುಪಿ ಕಡೆಯ ಕೊಂಕಣಿ ಹೆಂಗಸು. ನನಗೆ ಇಲ್ಲದ ಬಾಯಿಯನ್ನೆಲ್ಲ ದೇವರು ಅವಳಿಗೆ ಕೊಟ್ಟಿದ್ದ. ಅವಳೂ ಒಂದು ತೊಂದರೆಯ ವಿದ್ಯಾರ್ಥಿನಿಯೇ. ಕಾರು ಹೊರಡುವ ಮೊದಲು, ತಿರುವಿನಲ್ಲಿ, ಎದುರು ಲಾರಿ ಬಂದಾಗ, ಲಾರಿ ದಾಟಿ ಹೋದ ಮೇಲೆ ಕೃತಜ್ಞತೆಗೆ, ಹೀಗೆ ಪ್ರತಿ ಸಲವೂ ಸ್ಟೇರಿಂಗ್ ಬಿಟ್ಟು ಹಣೆಗೂ ಎದೆಗೂ ಹೆಗಲಿಗೂ ಕೈ ಮುಟ್ಟಿಸಿ ಶಿಲುಬೆಯ ಗುರುತು ಮಾಡುತ್ತಿದ್ದಳು. "ಒಂದು ಕೈ ದೇವರಿಗೆ, ಒಂದು ಕೈ ಕಾರಿಗೆ," ಎಂದು ಮೋಜಾ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಮೋಜಾಳ ಕಾರಿನಲ್ಲಿ ಬ್ರೇಕು ಎರಡು. ಅಲ್ಲಿ ಸ್ಟೇರಿಂಗ್ ಎಡಕ್ಕೆ. ಕಲಿಯುವವಳ ಕಾಲಿಗೆ ಒಂದು ಬ್ರೇಕಾದರೆ ಬಲಗಡೆ ಕೂತ ಗುರುವಿನ ಕಾಲಿಗೆ ಇನ್ನೊಂದು. ನಾವು ಒತ್ತಲು ಮರೆತಾಗ ಅವಳು ಒತ್ತುತ್ತಿದ್ದಳು. ನನ್ನ ಕುಳ್ಳಗಿನ ಮೈಗೆ ಸ್ಟೇರಿಂಗಿನ ಮೇಲಿಂದ ರಸ್ತೆ ಕಾಣದೆ, ಹಳೆಯ ಸೀರೆಯದೊಂದು ದಿಂಬು ಹೊಲಿದು ಅದರ ಮೇಲೆ ಕೂರುತ್ತಿದ್ದೆ. ಡ್ರಮ್ಮುಗಳ ನಡುವೆ ಕಾರನ್ನು ಹಿಂದಕ್ಕೆ ತಂದು ನಿಲ್ಲಿಸುವ ಪರೀಕ್ಷೆಯನ್ನು, ಡ್ರಮ್ಮುಗಳಿಗೂ ನನಗೂ ಆಶ್ಚರ್ಯವಾಗುವಂತೆ, ಪಾಸು ಮಾಡಿದೆ. ಉಳಿದದ್ದು ರಸ್ತೆಯ ಪರೀಕ್ಷೆ. ಅಲ್ಲಿಯೇ ಸಂಜೀವಣ್ಣ ನನ್ನ ಕೈ ಹಿಡಿದ.

ಆ ದೇಶದಲ್ಲಿ ಗುಡ್ಡಗಳ ನೆತ್ತಿಯಲ್ಲಿ ಹಳೆಯ ಕಾಲದ ಕಾವಲು ಗೋಪುರಗಳಿವೆ. ಮಣ್ಣಿನವು, ಗುಂಡಗಿನವು, ಒಂಟಿಯಾಗಿ ನಿಂತಂಥವು. ನಮ್ಮ ಕಡೆಯವರಿಗೆ ಗುಡ್ಡೆಯ ಮೇಲೆ ಏನಾದರೂ ಒಂಟಿಯಾಗಿ ನಿಂತಿದ್ದರೆ ಸಾಕು, ಅಲ್ಲಿ ಯಾರೋ ಇದ್ದಾರೆಂದೇ ಲೆಕ್ಕ. ಪರೀಕ್ಷೆಯ ದಿನ ಪಕ್ಕದಲ್ಲಿ ಪೊಲೀಸ್ ಅಧಿಕಾರಿ ಕೂತಿದ್ದ. ಖಾಲಿ ರಸ್ತೆ. ತಿರುವಿನಲ್ಲಿ ಗೋಪುರ ಕಂಡಿತು. ನನ್ನ ಕೈ, ನನ್ನನ್ನು ಒಂದು ಮಾತೂ ಕೇಳದೆ, ಹಾರ್ನ್ ಒತ್ತಿತು. ಅಧಿಕಾರಿ ಬೆಚ್ಚಿ ಮುಂದೆ ನೋಡಿದ, ಹಿಂದೆ ನೋಡಿದ, ಕೊನೆಗೆ ನನ್ನನ್ನು ನೋಡಿದ. ಮುಂದಿನ ತಿರುವಿನಲ್ಲಿ ಸುಣ್ಣ ಬಳಿದ ನೀರಿನ ತೊಟ್ಟಿ ಬಂತು. ಅದಕ್ಕೂ ಒತ್ತಿದೆ. "ಖಲಾಸ್," ಎಂದ ಅವನು. ಮುಗಿಯಿತು ಎಂದು ಅರ್ಥ. ಆ ಶಬ್ದಕ್ಕೆ ಅರಬ್ಬಿ ಕಲಿತಿರಬೇಕೆಂದೇನೂ ಇಲ್ಲ, ಮುಖ ನೋಡಿದರೆ ತಿಳಿಯುತ್ತದೆ.

ನೀವು ಕೇಳಬಹುದು, ಹುಟ್ಟಿದಂದಿನಿಂದ ದನಿಯೆತ್ತದ ಹೆಂಗಸಿಗೆ ಇಷ್ಟೊಂದು ಗದ್ದಲ ಮಾಡುವ ಚಟ ಎಲ್ಲಿಂದ ಬಂತೆಂದು. ನಾನೂ ಆಮೇಲೆ ಇದನ್ನು ಯೋಚಿಸಿದ್ದೇನೆ. ಬಾಯಿಯಿಂದ ಹೇಳಲಾಗದ್ದನ್ನೆಲ್ಲ ಹೇಳಲು ನನಗೊಂದು ಯಂತ್ರ ಸಿಕ್ಕಿತ್ತು. ಮುಖ ತೋರಿಸಬೇಕಾಗಿಲ್ಲ, ಮಾತು ಕೂಡಿಸಬೇಕಾಗಿಲ್ಲ. ಒಮ್ಮೆ ಒತ್ತಿದರೆ ನಮಸ್ಕಾರವೂ ಆಯಿತು, ಕ್ಷಮಾಪಣೆಯೂ ಆಯಿತು, "ನಾನಿಲ್ಲಿ ಹಾಜರಿದ್ದೇನೆ ಮಾಸ್ತರರೇ" ಎಂಬುದೂ ಆಯಿತು. ನಾಚಿಕೆಯವರಿಗೆ ಇದಕ್ಕಿಂತ ಅನುಕೂಲದ ಬಾಯಿ ಬೇರೆ ಯಾವುದು?

ನಾನು ಫೇಲಾದೆ. ಆ ವಾರವೇ ನಿಮ್ಮ ಅಜ್ಜ ಅಟ್ಟದಿಂದ ದೊಡ್ಡ ಸೂಟ್‌ಕೇಸನ್ನು ಇಳಿಸಿ, ಧೂಳು ಒರೆಸಿ, ಬಾಗಿಲ ಹಿಂದೆ ಇಟ್ಟರು. ಇನ್ನೊಂದೇ ಪರೀಕ್ಷೆಗೆ ಸಮಯವಿತ್ತು. ಅದರ ನಂತರ ಅವರು ಖೌದಿಗೆ, ನಾವು ಖೌದಿಗೋ ಊರಿಗೋ.

ಮೋಜಾ ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು ತೀರ್ಪು ಕೊಟ್ಟಳು. "ಇಲ್ಲೇ ಸುತ್ತಿದರೆ ನೀವು ಸಾಯುವವರೆಗೆ ಕಲಿಯುವುದಿಲ್ಲ. ಗುರುವಾರ ರುಸ್ತಾಕಿಗೆ ಹೋಗೋಣ. ಹೋಗುವಾಗ ಒಬ್ಬಳು, ಬರುವಾಗ ಒಬ್ಬಳು. ನನ್ನ ತಾಯಿಯ ಮನೆಯಲ್ಲಿ ಊಟ."

ಗುರುವಿನ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆಂದು ನಾನು ಬೆಳಿಗ್ಗೆ ಎದ್ದು ಪುಂಡಿ ಬೇಯಿಸಿದೆ, ಅಕ್ಕಿ ತರಿಯ ಆ ಉಂಡೆಗಳು ತಣ್ಣಗಾದರೂ ತಿನ್ನಬಹುದೆಂದು. ಜೆಸಿಂತಾ ಬಾಯಿ ಪಾತ್ರೆಯ ಮುಚ್ಚಳ ಎತ್ತಿ ನೋಡಿ, "ಎಂಥ ವಾರಿಜಕ್ಕ, ಇದು ತಿನ್ಲಿಕ್ಕಾ, ಟೈರಿಗೆ ಅಡ್ಡ ಇಡ್ಲಿಕ್ಕಾ?" ಎಂದಳು. ಕರಾವಳಿಯ ಬರ್ಕಾ ಎಂಬ ಊರು ದಾಟುವವರೆಗೆ ಅವಳು ಓಡಿಸಿದಳು. ಸೀದಾ ರಸ್ತೆಯಾದ್ದರಿಂದ ದೇವರಿಗೂ ಕಾರಿಗೂ ಹೆಚ್ಚು ಜಗಳವಾಗಲಿಲ್ಲ. ಆಮೇಲೆ ಒಳನಾಡಿನ ಕಡೆ ತಿರುಗಿ, ಗುಡ್ಡಗಳು ಶುರುವಾಗುವಲ್ಲಿ ಮೋಜಾ ಮನಸ್ಸು ಬದಲಿಸಿದಳು. ನನ್ನನ್ನು ನನ್ನ ದಿಂಬಿನ ಸಮೇತ ಸ್ಟೇರಿಂಗಿನ ಹಿಂದೆ ಕೂರಿಸಿದಳು.

ಆ ದಾರಿಯಲ್ಲಿ ಎಷ್ಟು ಗೋಪುರಗಳಿವೆಯೆಂದು ಅಲ್ಲಿನ ಸರ್ಕಾರಕ್ಕೆ ಗೊತ್ತಿರಬಹುದು, ನನ್ನ ಕೈಗಂತೂ ಚೆನ್ನಾಗಿ ಗೊತ್ತು. ದಾರಿಯ ನಡುವಿನ ನಖಲ್ ಊರು ಸಮೀಪಿಸುವಷ್ಟರಲ್ಲಿ ಮೋಜಾ ಕಿವಿ ಮುಚ್ಚಿಕೊಂಡು ಕೇಳಿದಳು, "ಯಾರನ್ನು ಕರೆಯುತ್ತಿದ್ದೀ?"

ನನಗೆ ವಿವರಿಸಲು ಬರಲಿಲ್ಲ. ಜೆಸಿಂತಾ ಬಾಯಿ ಹಿಂದಿನಿಂದ ತಲೆ ತೂರಿಸಿ ತನ್ನ ಹಿಂದಿಯಲ್ಲಿ ದೈವ, ಗುಡ್ಡೆ, ಬಸ್ಸು, ಸಂಜೀವಣ್ಣ ಎಲ್ಲವನ್ನೂ ಹೇಳಿದಳು. ಮೋಜಾ ತಾಳ್ಮೆಯಿಂದ ಕೇಳಿ, "ಅಲ್ಲಿ ಇರುವವರು ನಿಮ್ಮ ಊರಿನವರು. ಇಲ್ಲಿ ಆ ಗೋಪುರದಲ್ಲಿ ಇರುವುದು ಪಾರಿವಾಳ," ಎಂದಳು. ಕಾರು ನಿಲ್ಲಿಸಲು ಹೇಳಿ, ಇಳಿದು, ಬಾನೆಟ್ ಎತ್ತಿ, ಒಳಗೆ ಏನೋ ಒಂದು ತಂತಿಯನ್ನು ಎಳೆದು ಬಂದಳು.

"ಒತ್ತು," ಎಂದಳು.

ಒತ್ತಿದೆ. ಸದ್ದಿಲ್ಲ.

"ಈಗ ಓಡಿಸು. ಯಲ್ಲಾ, ಹೊರಡು."

"ಇವತ್ತಿಗೆ ವಾರಿಜಕ್ಕನ ಬಾಯಿ ಬಂದ್," ಎಂದು ಜೆಸಿಂತಾ ಬಾಯಿ ನಕ್ಕಳು. ನನಗೆ ನಗು ಬರಲಿಲ್ಲ. ಮತ್ತೆ ಮಾಸ್ತರರು ಹೆಸರು ಕರೆದಂತೆ, ನಾನು ಕೂಗಿದಂತೆ, ಯಾರಿಗೂ ಕೇಳದಂತೆ ಆಯಿತು. ಗೋಪುರಗಳನ್ನು ಕಂಡಾಗಲೆಲ್ಲ ಮೂಕ ಗುಂಡಿಯನ್ನು ಒತ್ತುತ್ತ, ಮನಸ್ಸಿನಲ್ಲಿ ಒಬ್ಬೊಬ್ಬರ ಕ್ಷಮೆ ಕೇಳುತ್ತ ರುಸ್ತಾಕ್ ತಲುಪಿದೆ.

ರುಸ್ತಾಕ್ ಬೆಟ್ಟಗಳ ಬುಡದಲ್ಲಿ ಕೂತ ಸಣ್ಣ ಪೇಟೆ. ನಡುವೆ ದೊಡ್ಡ ಕೋಟೆ, ಅದರ ಪಕ್ಕ ಸಂತೆ, ಸುತ್ತ ಖರ್ಜೂರದ ತೋಟಗಳು. ತೋಟಗಳ ನಡುವಿನ ಓಣಿಗಳು ಎಷ್ಟು ಕಿರಿದೆಂದರೆ ಎರಡೂ ಕಡೆಯ ಮಣ್ಣಿನ ಗೋಡೆಗಳು ಕಾರಿನ ಕನ್ನಡಿಗಳ ಜೊತೆ ಗುಟ್ಟು ಮಾತಾಡುವಷ್ಟು. ಮೋಜಾಳ ತಾಯಿಯ ಮನೆ ಅಂಥ ಓಣಿಯೊಂದರ ಆಚೆ ತುದಿಯಲ್ಲಿತ್ತು. ಓಣಿಗೆ ನುಗ್ಗಿದ ಸ್ವಲ್ಪ ಹೊತ್ತಿಗೆ ಎದುರಿಗೆ ಒಬ್ಬ ಮುದುಕರು ಕಂಡರು. ಬಿಳಿ ನಿಲುವಂಗಿ, ತಲೆಗೆ ಸುತ್ತಿದ ವಸ್ತ್ರ, ಒಂದು ಕೈಯಲ್ಲಿ ಕೋಲು, ಹೆಗಲ ಮೇಲೆ ಹಸಿಹುಲ್ಲಿನ ಕಟ್ಟು. ನಮಗೆ ಬೆನ್ನು ಹಾಕಿ, ಓಣಿಯ ಸರಿ ಮಧ್ಯದಲ್ಲಿ, ನಿಧಾನವಾಗಿ ನಡೆದು ಹೋಗುತ್ತಿದ್ದರು.

ಹಾರ್ನ್ ಇಲ್ಲ. "ಕೂಗು," ಎಂದಳು ಮೋಜಾ. ಕಿಟಕಿ ಇಳಿಸಿ ಕೂಗಿದೆ ಎಂದುಕೊಂಡೆ. ಜೆಸಿಂತಾ ಬಾಯಿಯ ಪ್ರಕಾರ ನಾನು ಕೆಮ್ಮಲೂ ಇಲ್ಲ. "ನಾನು ಕೂಗ್ಲಾ?" ಎಂದು ಅವಳು ಉತ್ಸಾಹದಿಂದ ಎದ್ದಳು. ಮೋಜಾ ತಡೆದಳು. "ಬೇಡ. ಓಡಿಸುವವಳು ಅವಳು."

ಹಾಗಾಗಿ ನಾನು ಮುದುಕರ ಹಿಂದೆ, ಅವರ ನಡಿಗೆಯ ವೇಗದಲ್ಲಿ, ಕ್ಲಚ್ಚು ಬಿಟ್ಟು ಹಿಡಿದು ಬಿಟ್ಟು ಹಿಡಿದು ಸಾಗಿದೆ. ನನ್ನ ಹಿಂದೆ ಒಂದು ಪಿಕಪ್ ಬಂತು. ಅದರ ಹಿಂದೆ ನೀರಿನ ಟ್ಯಾಂಕರ್. ಅದರ ಹಿಂದೆ ಆಡುಗಳನ್ನು ತುಂಬಿಕೊಂಡ ಇನ್ನೊಂದು ಪಿಕಪ್. ಎಲ್ಲರಿಗೂ ಹಾರ್ನ್ ಇತ್ತು, ಎಲ್ಲರೂ ಅದನ್ನು ಬಾರಿಸಿದರು, ಆಡುಗಳೂ ದನಿಗೂಡಿಸಿದವು. ಮುದುಕರಿಗೆ ಕಿವಿ ಸ್ವಲ್ಪ ಮಂದವಿರಬೇಕು, ತಿರುಗಲಿಲ್ಲ. ನಮ್ಮೂರಿನಲ್ಲಿ ದೈವದ ಆಭರಣ ಆಯುಧಗಳ ಭಂಡಾರ ಹೊರಡುವಾಗ ಮುಂದೆ ಒಬ್ಬ ಹಿರಿಯ, ಹಿಂದೆ ವಾದ್ಯ, ಜನ, ಗದ್ದಲ ಸಾಗುವುದನ್ನು ನೀವು ನೋಡಿದ್ದೀರಿ. ಅದೇ ಮೆರವಣಿಗೆ. ಅದರಲ್ಲಿ ನಾನು ಮಾತ್ರ ಯಾಕಿದ್ದೇನೆಂದು ಯಾರಿಗೂ ಗೊತ್ತಿರಲಿಲ್ಲ, ನನಗೂ.

ಓಣಿ ಕೊಂಚ ಅಗಲವಾದಲ್ಲಿ ಮುದುಕರು ತಿರುಗಿ ನೋಡಿದರು. ಅವರ ಮುಖ ಅರಳಿತು. ಆ ಊರಿನ ಪದ್ಧತಿ ನನಗೆ ಆಮೇಲೆ ತಿಳಿಯಿತು: ನಡೆದು ಹೋಗುವ ಹಿರಿಯರ ಹಿಂದೆ ಒಂದು ಕಾರು ಸುಮ್ಮನೆ, ಮೆಲ್ಲಗೆ ಬಂದರೆ, ಅವರನ್ನು ಹತ್ತಿಸಿಕೊಳ್ಳಲು ಬಂದಿದೆ ಎಂದರ್ಥ. ಹಾರ್ನ್ ಹಾಕಿ ಕರೆಯುವುದು ಮರ್ಯಾದೆಯಲ್ಲ. ಅವರು ನೆಟ್ಟಗೆ ಬಂದು ಮುಂದಿನ ಬಾಗಿಲು ತೆರೆದರು.

ಅಲ್ಲಿ ಮೋಜಾ ಕೂತಿದ್ದಳು. ಅವಳು ನೋಡಿದ್ದೇ ತಡ, ಚಿಮ್ಮಿ ಕೆಳಗಿಳಿದು ಅವರ ಕೈಗೆ ಮುತ್ತಿಟ್ಟಳು. ಅವಳ ತಂದೆಯ ಚಿಕ್ಕಪ್ಪ, ಖಲ್ಫಾನ್ ಅಜ್ಜ. ಹಿರಿಯರು ಮುಂದೆ, ಕಿರಿಯರು ಹಿಂದೆ. ಅದರಲ್ಲಿ ಎರಡನೆಯ ಮಾತಿಲ್ಲ. ಮೋಜಾ ಹಿಂದಿನ ಸೀಟಿಗೆ ಹೋದಳು. ಹುಲ್ಲಿನ ಕಟ್ಟು ಜೆಸಿಂತಾ ಬಾಯಿಯ ಮಡಿಲಿಗೆ ಬಂತು. ಖಲ್ಫಾನ್ ಅಜ್ಜ ನನ್ನ ಪಕ್ಕದಲ್ಲಿ ಕೂತು, ಕೋಲಿನಿಂದ ಮುಂದಕ್ಕೆ ತೋರಿಸಿ, "ಯಲ್ಲಾ, ಸೂಕ್," ಎಂದರು. ಸಂತೆಗೆ ಬಿಡಬೇಕಂತೆ.

ಆಗ ನನಗೆ ಹೊಳೆಯಿತು: ಗುರು ಹಿಂದೆ ಹೋದಳು, ಗುರುವಿನ ಬ್ರೇಕು ಮುಂದೆಯೇ ಉಳಿಯಿತು. ಅದರ ಮೇಲೆ ಈಗ ಖಲ್ಫಾನ್ ಅಜ್ಜನ ಚರ್ಮದ ಚಪ್ಪಲಿ ಆರಾಮವಾಗಿ ಕೂತಿತ್ತು.

ಸಂತೆಯ ದಾರಿಗೆ ಬಂದೆವು. ಎದುರಿಗೆ ಯಾರೋ ಪರಿಚಯದವರು ಬಂದರು. ಖಲ್ಫಾನ್ ಅಜ್ಜ ಕಿಟಕಿಯಿಂದ ಆಚೆ ಬಾಗಿ ಸಲಾಂ ಹೇಳಿದರು. ಬಾಗುವಾಗ ಕಾಲಿಗೆ ಭಾರ ಬಿತ್ತು. ಕಾರು ಗಕ್ಕನೆ ನಿಂತು, ಕ್ಲಚ್ಚು ಒತ್ತದ ನನ್ನ ತಪ್ಪಿಗೆ ಇಂಜಿನ್ನು ಕೆಮ್ಮಿ ಪ್ರಾಣ ಬಿಟ್ಟಿತು. ಪುಂಡಿಯ ಪಾತ್ರೆ ನೆಲಕ್ಕುರುಳಿತು. ಖಲ್ಫಾನ್ ಅಜ್ಜನಿಗೆ ಇದೆಲ್ಲ ತಿಳಿಯಲೇ ಇಲ್ಲ. ಕಾರು ನಿಂತದ್ದು ತಮ್ಮ ಮಾತಿಗೆ ಅನುಕೂಲವಾಗಲೆಂದೇ ಎಂದುಕೊಂಡು ಸಾವಕಾಶವಾಗಿ ಶುರುಮಾಡಿದರು: ಹೇಗಿದ್ದೀ, ಮನೆಯವರು ಹೇಗೆ, ಮಕ್ಕಳು ಹೇಗೆ, ತೋಟ ಹೇಗೆ, ಸುದ್ದಿ ಏನು. ಎದುರಿನವನು ಎಲ್ಲಕ್ಕೂ ದೇವರ ದಯೆ, ಸುದ್ದಿ ಏನಿಲ್ಲ ಎಂದು ಉತ್ತರಿಸಿ, ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ತಿರುಗಿ ಕೇಳಿದ. ಕೊನೆಗೆ ಅಜ್ಜ ಹಿಂದಕ್ಕೊರಗಿದರು, ಕಾಲು ಹಗುರಾಯಿತು, ನಾನು ಇಂಜಿನ್ನಿಗೆ ಮರುಜೀವ ಕೊಟ್ಟೆ. ಕೂಗಳತೆ ಹೋಗುವಷ್ಟರಲ್ಲಿ ಇನ್ನೊಬ್ಬ ಪರಿಚಯದವನು.

"ಮೋಜಾ, ಅವರಿಗೆ ಹೇಳು," ಎಂದೆ ಅಳುವ ದನಿಯಲ್ಲಿ.

"ಹಿರಿಯರಿಗೆ ಕಾಲು ತೆಗೆಯಿರಿ ಅಂತ ಹೇಗೆ ಹೇಳಲಿ? ನೀನು ಕ್ಲಚ್ಚು ಒತ್ತು!"

"ಯೇಸುವೇ!" ಎಂದಳು ಜೆಸಿಂತಾ ಬಾಯಿ. ಎರಡೂ ಕೈಗಳಲ್ಲಿ ಹುಲ್ಲು ತಬ್ಬಿಕೊಂಡಿದ್ದರಿಂದ, ಕಾರಿನಲ್ಲಿ ಅವಳು ಶಿಲುಬೆಯ ಗುರುತು ಮಾಡದೆ ಪ್ರಯಾಣ ಮಾಡಿದ್ದು ಅದೊಂದೇ ಸಲ.

ಆ ಊರಿನಲ್ಲಿ ಖಲ್ಫಾನ್ ಅಜ್ಜನ ಪರಿಚಯವಿಲ್ಲದವನು ಇನ್ನೂ ಹುಟ್ಟಿರಲಿಲ್ಲ. ಬ್ರೇಕು ಅವರ ಕಾಲಡಿ, ಕ್ಲಚ್ಚು ನನ್ನ ಕಾಲಡಿ, ನಡುವೆ ನನ್ನ ಪ್ರಾಣ. ಮೊದಮೊದಲು ಪ್ರತಿ ಸಲವೂ ಇಂಜಿನ್ನು ಸತ್ತಿತು. ಆಮೇಲೆ ನಾನು ರಸ್ತೆಯನ್ನು ಬೇರೆ ರೀತಿಯಲ್ಲಿ ನೋಡಲು ಕಲಿತೆ. ಗೋಡೆಯ ನೆರಳಲ್ಲಿ ಕೂತ ಮುದುಕ, ಅಂಗಡಿ ಬಾಗಿಲಲ್ಲಿ ನಿಂತ ಹಲ್ವಾದವನು, ಆಡಿನ ಹಗ್ಗ ಹಿಡಿದು ರಸ್ತೆ ದಾಟಲಿರುವವನು, ಇವರಲ್ಲಿ ಯಾರ ಮುಖ ಅಜ್ಜನ ಕಡೆ ತಿರುಗೀತು ಎಂದು ಮೊದಲೇ ಗುರುತಿಸಿ, ಅವರು ಬಾಗುವ ಮುನ್ನವೇ ನಾನು ವೇಗ ತಗ್ಗಿಸಿ ಕ್ಲಚ್ಚು ಒತ್ತತೊಡಗಿದೆ. ಅಲ್ಲಿಯವರೆಗೆ ನಾನು ಗುಡ್ಡದ ನೆತ್ತಿಯನ್ನು ನೋಡುತ್ತ ಕಾರು ಓಡಿಸಿದವಳು. ರಸ್ತೆಯ ಮೇಲೆ ಮನುಷ್ಯರಿದ್ದಾರೆಂದು, ಅವರಿಗೆ ಒಬ್ಬೊಬ್ಬರಿಗೆ ಒಂದೊಂದು ಮುಖವಿದೆಯೆಂದು ತಿಳಿದದ್ದು ಅವತ್ತೇ. ಹಾದು ಹೋಗುತ್ತ ಮಾಡುವ ನಮಸ್ಕಾರವೊಂದು, ನಿಂತು ಮಾಡುವ ನಮಸ್ಕಾರ ಇನ್ನೊಂದು. ಸಂಜೀವಣ್ಣನಿಗೆ ಸಮಯಕ್ಕೆ ಬಸ್ಸು ಮುಟ್ಟಿಸಬೇಕಿತ್ತು ಪಾಪ, ಹಾರ್ನಿನಲ್ಲಿ ಮುಗಿಸುತ್ತಿದ್ದ. ಖಲ್ಫಾನ್ ಅಜ್ಜನಿಗೆ ಯಾವ ಅವಸರವೂ ಇರಲಿಲ್ಲ.

ಕೋಟೆಯ ಬುಡದ ಸಂತೆಯಲ್ಲಿ ಅವರನ್ನು ಇಳಿಸಿದಾಗ ಹಿಂದೆ ಪಿಕಪ್ಪುಗಳ ಸಾಲು ಹಾಗೆಯೇ ಇತ್ತು. ಅಜ್ಜ ಹುಲ್ಲಿನ ಕಟ್ಟು ಹೆಗಲಿಗೇರಿಸಿ, ನನ್ನನ್ನು ತೋರಿಸಿ ಮೋಜಾಳಿಗೆ ಏನೋ ಹೇಳಿದರು. ಅವಳು ತುಟಿ ಕಚ್ಚಿ ನಗು ತಡೆದುಕೊಂಡಳು.

"ಏನಂದ್ರು?"

"ಈ ಹೆಂಗಸಿಗೆ ಮರ್ಯಾದೆ ಗೊತ್ತು ಅಂದರು. ಒಬ್ಬರನ್ನೂ ಬಿಡದೆ ಎಲ್ಲರಿಗೂ ಕಾರು ನಿಲ್ಲಿಸಿದಳಂತೆ. ಇಷ್ಟು ಒಳ್ಳೆಯ ಡ್ರೈವರು ರುಸ್ತಾಕಿನಲ್ಲೇ ಇಲ್ಲವಂತೆ."

ಜನ್ಮದಲ್ಲಿ ನನಗೆ ಸಿಕ್ಕ ಮೊದಲ ಸರ್ಟಿಫಿಕೇಟು, ಅದೂ ಬೇರೆಯವರ ಕಾಲು ಮಾಡಿದ ಕೆಲಸಕ್ಕೆ! ಮೋಜಾಳ ತಾಯಿಯ ಮನೆಯಲ್ಲಿ ಅನ್ನ ಮಾಂಸ ತುಂಬಿದ ದೊಡ್ಡ ತಟ್ಟೆಯ ಸುತ್ತ ಕೂತು ಉಂಡೆವು. ನೆಲಕ್ಕುರುಳಿ ಚಪ್ಪಟೆಯಾದ ಪುಂಡಿಗಳನ್ನು ಆ ತಾಯಿ ಒಂದೊಂದಾಗಿ ಮುಟ್ಟಿ ನೋಡಿ, ಬಹಳ ಮರ್ಯಾದೆಯಿಂದ, ತಿನ್ನದೆ, ಚೆನ್ನಾಗಿದೆ ಎಂದಳು.

ಮನೆಗೆ ಬಂದು ಇದನ್ನೆಲ್ಲ ನಿಮ್ಮ ಅಜ್ಜನಿಗೆ ಹೇಳಿದೆ. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆದರೂ ಸೂಟ್‌ಕೇಸು ಬಾಗಿಲ ಹಿಂದೆಯೇ ಇತ್ತು.

ಎರಡನೆಯ ಪರೀಕ್ಷೆಯ ದಿನ ಬೇರೆ ಅಧಿಕಾರಿ. ಅದೇ ತಿರುವು, ಅದೇ ಗೋಪುರ, ಹಾರ್ನಿನ ತಂತಿ ಸರಿಯಾಗಿಯೇ ಇದ್ದ ಕಾರು. ಕೈ ಏಳತೊಡಗಿತು. ಅಷ್ಟರಲ್ಲಿ ರಸ್ತೆಯ ಅಂಚಿನಲ್ಲಿ ತಲೆಯ ಮೇಲೆ ಗಂಟು ಹೊತ್ತ ಒಬ್ಬ ಕೂಲಿಯಾಳು ದಾಟಲೋ ಬೇಡವೋ ಎಂದು ನಿಂತದ್ದು ಕಂಡಿತು. ಹಾರ್ನಿಗೆ ಹೊರಟ ಕೈ ಗೇರಿಗೆ ಬಂತು, ಕಾಲುಗಳು ತಮ್ಮ ತಮ್ಮ ಕೆಲಸ ಮಾಡಿದವು, ಕಾರು ಮೆತ್ತಗೆ ನಿಂತಿತು, ಇಂಜಿನ್ನು ಬದುಕಿಯೇ ಇತ್ತು. ಅವನು ದಾಟಿ, ನನ್ನನ್ನು ನೋಡಿ ತಲೆಯಾಡಿಸಿದ. ನಾನೂ ತಲೆಯಾಡಿಸಿದೆ. ರುಸ್ತಾಕಿನ ಅಭ್ಯಾಸ, ಅವನ ಮನೆಯವರು, ಮಕ್ಕಳು, ತೋಟದ ಸುದ್ದಿ ಕೇಳುವವರೆಗೆ ಕಾಯಬೇಕೇನೋ ಎಂದು ಹಾಗೇ ಕೂತಿದ್ದೆ.

"ನಿಮ್ಮ ಪರಿಚಯದವನೇ?" ಎಂದು ಅಧಿಕಾರಿ ಹಿಂದಿಯಲ್ಲಿ ಕೇಳಿದ.

"ಅಲ್ಲ," ಎಂದೆ. ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ಹೇಳಿದೆ.

"ಹಾಗಾದರೆ ಹೋಗೋಣ," ಎಂದು ಅವನು ನಕ್ಕ. ನಾನು ಪಾಸಾದೆ. ಗೋಪುರದ ಪಾರಿವಾಳಗಳಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹೇಳಿದೆ. ಜೆಸಿಂತಾ ಬಾಯಿ ಮರುತಿಂಗಳು, ಹಣೆಗೆ ಹೋದ ಕೈಯನ್ನು ತಲೆಗೂದಲು ಸರಿಪಡಿಸಿಕೊಂಡಂತೆ ನಟಿಸಿ ಪಾಸಾದಳು.

ಸೂಟ್‌ಕೇಸು ಊರಿಗೆ ಹೋಗದೆ, ನಮ್ಮೆಲ್ಲರ ಬಟ್ಟೆ ತುಂಬಿಕೊಂಡು ಅಲ್ ಖೌದಿಗೆ ಬಂತು. ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಡುವುದು, ಮಧ್ಯಾಹ್ನ ಕರೆತರುವುದು ನನ್ನ ನೌಕರಿಯಾಯಿತು. ಗೆಳತಿಯರ ಎದುರು ನಾನು ದಿಂಬು ಸರಿಪಡಿಸಿಕೊಂಡು ಕೂರುವುದನ್ನು ಕಂಡರೆ ನಿಮ್ಮ ಅಮ್ಮನಿಗೆ ನಾಚಿಕೆ. ಈ ಮಾತನ್ನು ಅವಳು ಒಪ್ಪಲಿಕ್ಕಿಲ್ಲ, ಆದರೂ ಓದುವಾಗ ಅವಳ ಮುಖ ನೋಡಿ.

ರಜೆಯ ದಿನ ನಿಮ್ಮ ಅಜ್ಜ ನನ್ನ ಪಕ್ಕದಲ್ಲಿ ಕೂರುತ್ತಿದ್ದರು. ನಮ್ಮ ಕಾರಿನಲ್ಲಿ ಬ್ರೇಕು ಒಂದೇ ಎಂದು ದಿನವೂ ಬ್ರೇಕು ಮಾರುವ ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಎದುರು ಏನಾದರೂ ಬಂದರೆ ಅವರ ಬಲಗಾಲು ಬರಿಯ ನೆಲವನ್ನು ಒತ್ತುತ್ತಿತ್ತು. "ಅಲ್ಲಿ ಎಂಥದೂ ಇಲ್ಲ ಮಾರಾಯ್ರೇ," ಎಂದು ನಾನು ಹೇಳುವುದು, "ನನ್ನ ಸಮಾಧಾನಕ್ಕೆ ನಾನು ಒತ್ತಿದ್ರೆ ನಿನಗೆಂಥ?" ಎಂದು ಅವರು ರೇಗುವುದು. ಆ ಜಾಗದ ಮ್ಯಾಟು ಸವೆದು ತೂತಾಯಿತು. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂದವಾಗಿ ಕಾರಿನ ಕೆಲಸವೆಲ್ಲ ನನಗೇ ಬಂದ ಮೇಲಂತೂ, ರಸ್ತೆ ಸರಿಯಾಗಿ ಕಾಣದಿದ್ದರೂ ಕಾಲು ಮಾತ್ರ ಬಿಡುವಿಲ್ಲದೆ ಒತ್ತುತ್ತಿತ್ತು.

ಒಂದು ಬೆಳಿಗ್ಗೆ ಅವರಿಗೆ ಎದೆ ಹಿಡಿದಂತಾಗಿ ಆಸ್ಪತ್ರೆಗೆ ಹೊರಟೆವು. ದಾರಿ ತುಂಬ ವಾಹನ. ನಾನು ಎಂದಿಗಿಂತ ಜೋರಾಗಿಯೇ ಓಡಿಸಿದೆ. ಮುಂದಿನ ಲಾರಿ ಗಕ್ಕನೆ ನಿಂತಿತು, ನಾನೂ ನಿಲ್ಲಿಸಿದೆ. ಓರೆಗಣ್ಣಿನಿಂದ ನೋಡಿದರೆ ಅವರ ಕಾಲು ಅಲುಗಿರಲಿಲ್ಲ. ಅಂತೂ ಇವರಿಗೆ ನನ್ನ ಮೇಲೆ ನಂಬಿಕೆ ಬಂತಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದೆ. ನೋಡಿ, ಎಂಥ ಪೆದ್ದಿ ನಿಮ್ಮ ಅಜ್ಜಿ. ಅವರ ಜೀವ ದಾರಿಯಲ್ಲೇ ಹೋಗಿತ್ತು.

ಖೌದಿನ ಆ ಕೆಲವೇ ವರ್ಷಗಳು ನಮಗಿಬ್ಬರಿಗೂ ಒಟ್ಟಿಗೆ ಸಿಕ್ಕ ಕೊನೆಯ ವರ್ಷಗಳೆಂದು ಆಗ ಯಾರಿಗೆ ಗೊತ್ತಿತ್ತು? ಖಲ್ಫಾನ್ ಅಜ್ಜನ ಕಾಲು ಬ್ರೇಕಿನ ಮೇಲೆ ಬೀಳದೆ ಇದ್ದಿದ್ದರೆ ಆ ವರ್ಷಗಳನ್ನು ನಿಮ್ಮ ಅಜ್ಜ ನಾಲ್ಕು ಜನರ ರೂಮಿನಲ್ಲೂ ನಾನು ಊರಿನ ಜಗಲಿಯಲ್ಲೂ ಕಳೆದು ಮುಗಿಸುತ್ತಿದ್ದೆವು.

ಅನ್ವಿತಾ, ನೀನು ಕಾರು ಕಲಿಯಲು ಹೊರಟ ದಿನ, ಈ ಹಾಳೆಗಳನ್ನು ಇನ್ಶೂರೆನ್ಸ್ ಕಾಗದದ ಜೊತೆ ಕಾರಿನ ಡಬ್ಬಿಯಲ್ಲಿ ಇಟ್ಟುಕೋ. ನೀನು ಮುಗಿಸಿದ ಮೇಲೆ ತೇಜುವಿಗೆ ಕೊಡು. ಒದ್ದೆಯಾಗದಂತೆ ನೋಡಿಕೊಳ್ಳಿ ಮಕ್ಕಳೇ; ಇಷ್ಟನ್ನು ಬಾಯಿಬಿಟ್ಟು ಇನ್ನೊಮ್ಮೆ ಹೇಳುವ ಧೈರ್ಯ ನನಗಿಲ್ಲ. ಯಾರಾದರೂ ನಿಮ್ಮ ಪಕ್ಕದಲ್ಲಿ ಕೂತು ಬರಿಯ ನೆಲವನ್ನು ಒತ್ತುತ್ತಿದ್ದರೆ, ಅಲ್ಲಿ ಎಂಥದೂ ಇಲ್ಲ ಎಂದು ಮಾತ್ರ ಹೇಳಬೇಡಿ.